ರಾಜಾಸೀಟು ಕೆಟ್ಟಿದೆಯೋ, ತುಂಬಿದೆಯೋ?

ಮಡಿಕೇರಿಯಲ್ಲಿ ಯಾರ ಹತ್ತಿರವಾದರೂ ರಾಜಾಸೀಟಿನ ಮಾತು ತೆಗೆಯಿರಿ, "ಮೊದಲಿನ ಹಾಗಿಲ್ಲ ಬಿಡಿ" ಎನ್ನುತ್ತಾರೆ. ಬೆಂಗಳೂರಿನಿಂದ ಎರಡು ದಿನಕ್ಕೆ ಬಂದು ಹೋದವರ ಬಾಯಲ್ಲೂ ಅದೇ ಮಾತು. ಆದರೆ ಇಬ್ಬರ ದೂರು ಬೇರೆ ಬೇರೆ. ಊರಿನವರು ಕಳೆದುಕೊಂಡಿರುವುದು ಸಂಜೆ ಹೊತ್ತು ಕೂತು ಬರುವ ನೆಮ್ಮದಿಯನ್ನು. ಹೊರಗಿನವರು ಕೊರಗುವುದು ಟಿಕೆಟ್ ಕೊಟ್ಟು ಒಳಗೆ ಹೋದರೂ ಮುಂದಿನವರ ತಲೆ ಬಿಟ್ಟು ಬೇರೇನೂ ಕಾಣಲಿಲ್ಲವಲ್ಲ ಎಂದು. ಎರಡನ್ನೂ ಒಂದೇ ಗಂಟು ಕಟ್ಟಿ "ಗುಣಮಟ್ಟ ಕುಸಿದಿದೆ" ಎಂದುಬಿಟ್ಟರೆ ಏನು ಕುಸಿದಿದೆ, ಏಕೆ ಕುಸಿದಿದೆ ಎನ್ನುವುದು ತಿಳಿಯುವುದೇ ಇಲ್ಲ.

ಮೊದಲಿಗೆ ರಾಜಾಸೀಟು ಎಂದರೆ ಒಂದೇ ವಸ್ತುವಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಪಡುವಣಕ್ಕೆ ಮುಖ ಮಾಡಿದ ಗುಡ್ಡದ ಅಂಚು ಅದು. ಕೊಡಗಿನ ಅರಸರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು ಎನ್ನುವ ಪ್ರತೀತಿಯ, ನಾಲ್ಕು ಕಂಬದ ಪುಟ್ಟ ಮಂಟಪ ಅಲ್ಲಿದೆ. ಕೆಳಗೆ ಕಣಿವೆ, ಅದರೊಳಗೆ ನೂಲಿನಂತೆ ಇಳಿಯುವ ಮಂಗಳೂರು ರಸ್ತೆ. ಇದು ನೋಟ. ಅದರ ಸುತ್ತ ತೋಟಗಾರಿಕೆ ಇಲಾಖೆ ಬೆಳೆಸಿದ ಉದ್ಯಾನ ಇದೆ. ಅದಕ್ಕೆ ಸಂಗೀತ ಕಾರಂಜಿ ಸೇರಿತು, ಪಕ್ಕದಲ್ಲಿ ಮಕ್ಕಳ ಪುಟಾಣಿ ರೈಲು ಬಂತು, ಇತ್ತೀಚಿನ ವರ್ಷಗಳಲ್ಲಿ ಗ್ರೇಟರ್ ರಾಜಾಸೀಟ್ ಹೆಸರಿನಲ್ಲಿ ಇಳಿಜಾರಿನ ಕಡೆಗೆ ದಾರಿ, ಮೆಟ್ಟಿಲು, ವೀಕ್ಷಣಾ ಜಾಗಗಳಾದವು. ನೋಟ, ತೋಟ, ಯಂತ್ರ, ಕಟ್ಟಡ. ಈ ನಾಲ್ಕೂ ಹಳೆಯದಾಗುವ ರೀತಿ ಬೇರೆ, ಕೆಡುವ ಕಾರಣ ಬೇರೆ.

ದಿನಕ್ಕೆ ಒಂದೇ ಆಟ

ಬಿಡದಿಯ ವಂಡರ್‌ಲಾದಂಥ ಪಾರ್ಕಿನಲ್ಲಿ ಜಾಯಿಂಟ್ ವೀಲ್ ಬೆಳಗಿನಿಂದ ಸಂಜೆವರೆಗೆ ತಿರುಗುತ್ತದೆ. ಜನ ಹೆಚ್ಚಾದರೆ ಸಾಲು ಉದ್ದವಾಗುತ್ತದೆ, ಕಾಯಬೇಕಾಗುತ್ತದೆ, ಆದರೆ ಸರದಿ ಬಂದೇ ಬರುತ್ತದೆ. ಅಂಥ ಪಾರ್ಕು ನಡೆಸುವವರು ಮೊದಲು ಹಾಕುವ ಲೆಕ್ಕವೇ ಗಂಟೆಗೆ ಈ ಆಟ ಎಷ್ಟು ಜನರನ್ನು ಹತ್ತಿಸಿ ಇಳಿಸುತ್ತದೆ ಎನ್ನುವುದು. ರಾಜಾಸೀಟಿನ ದೊಡ್ಡ ಆಟ ಸೂರ್ಯಾಸ್ತ. ಅದು ದಿನಕ್ಕೆ ಒಂದೇ ಸಲ. ಕೆಂಪು ಚಕ್ರದ ಕೆಳ ಅಂಚು ದಿಗಂತ ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು, ಅಷ್ಟೇ. ನವೆಂಬರಿನಲ್ಲಿ ಅದು ಸಂಜೆ ಆರರ ಆಸುಪಾಸು, ಜುಲೈಯಲ್ಲಿ ಏಳರ ಹತ್ತಿರ. ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬರಬೇಕು, ಎಲ್ಲರೂ ಒಂದೇ ಅಂಚಿನಲ್ಲಿ ನಿಲ್ಲಬೇಕು.

ಅಂಚು ಎಷ್ಟು ಜನರನ್ನು ಹಿಡಿಯುತ್ತದೆ? ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದವರಿಗೆ ಕಂಬಿಯ ಬಳಿ ಸುಮಾರು 60 ಸೆಂಟಿಮೀಟರ್ ಜಾಗ ಬೇಕು. ಲೆಕ್ಕಕ್ಕಾಗಿ ಚೆನ್ನಾಗಿ ಕಾಣುವ ಕಂಬಿಯ ಉದ್ದ 60 ಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಸಾಲಿಗೆ 100 ಜನ. ಅವರ ಹೆಗಲ ಸಂದಿಯಲ್ಲಿ ಇಣುಕುವ ಎರಡನೆಯ ಸಾಲು ಸೇರಿದರೆ 200. ಮೂರನೆಯ ಸಾಲಿನವರು ನೋಡುವುದು ಮುಂದಿನವರ ಫೋನಿನ ಪರದೆಯಲ್ಲಿರುವ ಸೂರ್ಯನನ್ನು.

ಈಗ ವಾರದ ಲೆಕ್ಕಕ್ಕೆ ಬನ್ನಿ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆಗೆ 150 ಜನ, ಶನಿವಾರ ಮತ್ತು ಭಾನುವಾರ ತಲಾ 1,500 ಎಂದುಕೊಳ್ಳೋಣ. ಇವು ಎಣಿಸಿ ತಂದ ಅಂಕಿಗಳಲ್ಲ, ವಿಷಯ ಕಾಣಲೆಂದು ಹಿಡಿದವು. ವಾರಕ್ಕೆ ಒಟ್ಟು 3,750 ಜನ. ಅವರಲ್ಲಿ 3,000 ಜನ, ಎಂದರೆ ನೂರಕ್ಕೆ ಎಂಬತ್ತು ಮಂದಿ, ನೂಕುನುಗ್ಗಲಿನ ದಿನವೇ ಬಂದವರು. ಏಳರಲ್ಲಿ ಐದು ದಿನ ಜಾಗ ಆರಾಮಾಗಿಯೇ ಇದ್ದರೂ ಹತ್ತರಲ್ಲಿ ಎಂಟು ಜನ "ಕಾಲಿಡಲು ಜಾಗವಿಲ್ಲ" ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಿಂದೆ ಶನಿವಾರ, ಭಾನುವಾರ ತಲಾ 300 ಜನ ಬರುತ್ತಿದ್ದರು ಎಂದಿಟ್ಟುಕೊಂಡರೆ ಇದೇ ಲೆಕ್ಕದಲ್ಲಿ ವಾರದ 1,350 ಜನರಲ್ಲಿ ರಜೆ ದಿನ ಬಂದವರು 600, ಅರ್ಧಕ್ಕಿಂತ ಕಡಿಮೆ. ಅವರಲ್ಲೂ ನೋಟ ತಪ್ಪುತ್ತಿದ್ದುದು ಮೂರರಲ್ಲಿ ಒಬ್ಬರಿಗೆ. ಈಗ ಹದಿನೈದರಲ್ಲಿ ಹದಿಮೂರು ಜನರಿಗೆ ತಪ್ಪುತ್ತದೆ. ತೋಟದ ಒಂದು ಹೂವೂ ಬದಲಾಗಿಲ್ಲ, ಗುಡ್ಡ ಅಲ್ಲೇ ಇದೆ, ಸೂರ್ಯನೂ ಅವನೇ.

2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದ ಜನಸಂಖ್ಯೆ 33 ಸಾವಿರದ ಹತ್ತಿರ, ಇಡೀ ಜಿಲ್ಲೆಯದು ಸುಮಾರು 5.5 ಲಕ್ಷ. ಇಷ್ಟು ಸಣ್ಣ ಊರಿಗೆ ದಸರಾ ರಜೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಸಾಲು ರಜೆ ಬಂದಾಗ ಇಳಿಯುವ ಕಾರುಗಳನ್ನು ನೆನೆಸಿಕೊಂಡರೆ ಮೇಲಿನ 1,500 ಎನ್ನುವುದು ಉತ್ಪ್ರೇಕ್ಷೆ ಅನಿಸುವುದಿಲ್ಲ. ಹೋಂಸ್ಟೇಗಳು ಹೆಚ್ಚಿದವು, ಮೈಸೂರಿನ ಕಡೆಯ ರಸ್ತೆ ಅಗಲವಾಯಿತು. ಮಂಟಪದ ಬಳಿಯ ಹಳೆಯ ಕಂಬಿಯ ಉದ್ದ ಮಾತ್ರ ಹಾಗೇ ಉಳಿಯಿತು.

ಇದಕ್ಕೆ ಕಾರಂಜಿ ಇನ್ನೊಂದು ತೊಡಕು ತಂದಿದೆ. ಸೂರ್ಯ ಮುಳುಗಿದ ಮೇಲೆ ಅದರ ಪ್ರದರ್ಶನ. ಕೇಳಲು ಚೆಂದ. ಆದರೆ ಸೂರ್ಯಾಸ್ತ ನೋಡಿದವರು ಹೊರಡುವುದಿಲ್ಲ, ಕಾರಂಜಿಗೆಂದೇ ಬರುವವರು ಒಳಗೆ ಬರುತ್ತಾರೆ. ಈ ಎರಡು ಗುಂಪು ಒಂದರ ಮೇಲೊಂದು ಬೀಳುವ ಅರ್ಧ ಗಂಟೆಯಲ್ಲೇ ರಸ್ತೆ ಕಟ್ಟಿಕೊಳ್ಳುತ್ತದೆ, ಪಾರ್ಕಿಂಗ್ ಜಗಳ ನಡೆಯುತ್ತದೆ, ಶೌಚಾಲಯದ ನೀರು ಮುಗಿಯುತ್ತದೆ. ನೀರಿನದು ಸರಳ ಗಣಿತ. ಫ್ಲಶ್ಶಿಗೆ ಆರು ಲೀಟರ್, ಕೈಕಾಲಿಗೆ ಎರಡು ಎಂದರೆ 1,000 ಲೀಟರ್ ಟ್ಯಾಂಕ್ 125 ಜನರಿಗೆ ಮುಗಿಯಿತು. ಎಂಥ ಒಳ್ಳೆಯ ಟೈಲ್ಸ್ ಹಾಕಿದ್ದರೂ 126ನೆಯವರಿಗೆ ಅದು ಗಬ್ಬು ಶೌಚಾಲಯವೇ. ಹೀಗಾಗಿ ಇಂಥ ಜಾಗದ ನಿರ್ವಹಣೆ ಹೇಗಿದೆ ಎಂದು ಅಳೆಯಬೇಕಾದವರು ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಪ್ರಯೋಜನವಿಲ್ಲ. ಭಾನುವಾರ ಸಂಜೆ ಆರೂವರೆಗೆ ನಲ್ಲಿ ತಿರುಗಿಸಿ ನೋಡಬೇಕು.

ಒಂದು ಉಪಯೋಗದ ಮಾತನ್ನು ಇಲ್ಲೇ ಹೇಳಿಬಿಡಬಹುದು. ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಈ ಅಕ್ಷಾಂಶದಲ್ಲಿ ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ ಸರಿಯುತ್ತದೆ. ಕೈ ನೀಳವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಎರಡು ತುದಿಗಳ ನಡುವೆ ಐದು ಮುಷ್ಟಿಯಷ್ಟು ಅಂತರ. ಡಿಸೆಂಬರಿನ ರಜೆಯಲ್ಲಿ ಎಡಗಡೆ ನೋಟ ತೆರೆದಿರುವ ಜಾಗ ಹಿಡಿದವರು ಗೆಲ್ಲುತ್ತಾರೆ. ಮಂಟಪದ ಎದುರಿಗೇ ನಿಲ್ಲಬೇಕೆಂದು ಹಟ ಹಿಡಿದವರು ಸೆಲ್ಫಿ ತೆಗೆದುಕೊಂಡು ಬರುತ್ತಾರೆ.

ತೋಟಕ್ಕೆ ಒಂದು ಋತುವಿದೆ

"ಹೂವೇ ಇಲ್ಲ, ಬರೀ ಒಣಗಿದ ಗಿಡ" ಎನ್ನುವ ದೂರು ಯಾವ ತಿಂಗಳಲ್ಲಿ ಬರುತ್ತದೆ ಎಂದು ಗಮನಿಸಿ. ಹೆಚ್ಚಾಗಿ ಫಲಪುಷ್ಪ ಪ್ರದರ್ಶನ ಮುಗಿದ ತಿಂಗಳೊಪ್ಪತ್ತಿಗೆ. ವಾರ್ಷಿಕ ಹೂಗಿಡಗಳ ಆಯುಸ್ಸೇ ಅಷ್ಟು. ಜನವರಿ ಕೊನೆಗೆ ಪ್ರದರ್ಶನ ಎಂದುಕೊಂಡರೆ ಹಿಂದಕ್ಕೆ ಲೆಕ್ಕ ಹಾಕಬೇಕು. ಚೆಂಡುಹೂ ಬೀಜ ಹಾಕಿದ 60ರಿಂದ 65 ದಿನಕ್ಕೆ ಅರಳುತ್ತದೆ. ಪೆಟೂನಿಯಾ, ಸಾಲ್ವಿಯಾಗಳಿಗೆ 80ರಿಂದ 90 ದಿನ. ಮಡಿಕೇರಿಯ ಡಿಸೆಂಬರ್ ಚಳಿಗೆ ಸಸಿ ಮುದುಡಿ ಕೂರುವುದರಿಂದ ಇನ್ನೊಂದು ಹತ್ತು ದಿನ ಸೇರಿಸಿಕೊಳ್ಳಬೇಕು. ಎಂದರೆ ಪೆಟೂನಿಯಾ ಅಕ್ಟೋಬರ್ ನಡುವಿನಲ್ಲಿ, ಚೆಂಡುಹೂ ನವೆಂಬರ್ ಮೊದಲ ಪಕ್ಷದಲ್ಲಿ ಸಸಿಮಡಿಗೆ ಬೀಳಬೇಕು.

ತೊಂದರೆ ಇರುವುದು ಅಲ್ಲೇ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ. ಅದು ತಗ್ಗಿತು ಎನ್ನುವಷ್ಟರಲ್ಲಿ ತುಲಾಮಾಸದ, ಎಂದರೆ ಅಕ್ಟೋಬರ್-ನವೆಂಬರಿನ, ಸಂಜೆ ಮಳೆ ಶುರು. ಒದ್ದೆ ಮಣ್ಣು, ಮೋಡದ ಬೆಳಕು, ಗಾಳಿಯಾಡದ ಸಸಿಮಡಿ. ಮೊಳಕೆಯ ಬುಡ ನೀರುಗಟ್ಟಿ, ದಾರದಂತೆ ಸಣ್ಣಗಾಗಿ, ರಾತ್ರಿ ಬೆಳಗಾಗುವುದರೊಳಗೆ ಸಾಲಿಗೆ ಸಾಲೇ ಒರಗಿಬಿಡುತ್ತದೆ. ಬುಡಕೊಳೆ ಇದು. ಟ್ರೇಗಳನ್ನು ನೆಲದಿಂದ ಎತ್ತರಿಸಿ, ಮೇಲೆ ಪ್ಲಾಸ್ಟಿಕ್ ಮಾಡು ಕಟ್ಟಿ ಬದಿಗಳನ್ನು ತೆರೆದಿಟ್ಟು, ಮಣ್ಣಿಗೆ ಮರಳು ಹೆಚ್ಚು ಸೇರಿಸಿ, ಟ್ರೈಕೋಡರ್ಮಾ ಎನ್ನುವ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರ ಹಾಕಿ, ಬೆಳಿಗ್ಗೆ ಮಾತ್ರ ನೀರು ಕೊಟ್ಟರೆ ಸಸಿ ಉಳಿಯುತ್ತದೆ. ಇದರಲ್ಲಿ ಒಂದು ತಪ್ಪಿದರೂ ಜನವರಿಯಲ್ಲಿ ಹೊರಗಿನ ನರ್ಸರಿಯಿಂದ ಕುಂಡ ತಂದು ಜೋಡಿಸಬೇಕಾಗುತ್ತದೆ. ಕುಂಡದ ಗಿಡ ಹದಿನೈದು ದಿನ ನಗುತ್ತದೆ, ಆಮೇಲೆ ಬಾಡುತ್ತದೆ.

ನಾಟಿ ಮಾಡಿದ ಮೇಲಿನ ಕೆಲಸ ಕೈಯಾಳಿನದು. ಐದಾರು ಎಲೆ ಬಂದಾಗ ಕುಡಿ ಚಿವುಟಬೇಕು, ಅರಳಿ ಬಾಡಿದ ಹೂವನ್ನು ಎರಡು ಮೂರು ದಿನಕ್ಕೊಮ್ಮೆ ಕಿತ್ತು ತೆಗೆಯಬೇಕು. ತೆಗೆಯದಿದ್ದರೆ ಗಿಡ ಬೀಜ ಕಟ್ಟುವುದಕ್ಕೆ ಹೊರಟು ಹೂ ಬಿಡುವುದನ್ನು ನಿಲ್ಲಿಸುತ್ತದೆ. ಕೊಡಗಿನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಕೂಲಿಯಾಳು ಎಲ್ಲಿರುತ್ತಾರೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕಾಫಿ ಕೊಯ್ಲಿನಲ್ಲಿ. ಕೊಯ್ದಷ್ಟು ಕಿಲೋಗೆ ಕಾಸು ಸಿಗುವಾಗ ದಿನಗೂಲಿಗೆ ಬಾಡಿದ ಹೂ ಕೀಳಲು ಬರುವವರು ಯಾರು? ಪ್ರವಾಸಿಗರ ಸೀಸನ್, ಹೂವಿನ ಸೀಸನ್, ಕಾಫಿ ಸೀಸನ್ ಮೂರೂ ಒಂದೇ ತಿಂಗಳುಗಳಲ್ಲಿ ಬರುವುದು ಈ ಜಿಲ್ಲೆಯ ಉದ್ಯಾನಗಳಿಗೆಲ್ಲ ಇರುವ ಪೀಡೆ.

ಹುಲ್ಲುಹಾಸಿನ ಕಥೆ ಇದಕ್ಕಿಂತ ಗಟ್ಟಿ. ಗಟ್ಟಿ ಎಂದರೆ ನಿಜವಾಗಿಯೇ ಗಟ್ಟಿ. ಸ್ಕ್ರೂಡ್ರೈವರ್ ಒಂದನ್ನು ಹುಲ್ಲಿನ ನಡುವೆ ಅಂಗೈಯಿಂದ ಒತ್ತಿ ನೋಡಿ. ಎಂಟು ಹತ್ತು ಸೆಂಟಿಮೀಟರ್ ಇಳಿದರೆ ಮಣ್ಣು ಜೀವಂತ. ಎರಡು ಮೂರಕ್ಕೇ ನಿಂತರೆ ತುಳಿತಕ್ಕೆ ಸಿಕ್ಕಿ ಬಿಗಿದುಕೊಂಡಿದೆ. ಬಿಗಿದ ಮಣ್ಣಿಗೆ ಮಳೆ ನೀರು ಇಳಿಯದೆ ಮೇಲೇ ನಿಲ್ಲುತ್ತದೆ, ಬೇರು ಉಸಿರುಗಟ್ಟುತ್ತದೆ, ಹುಲ್ಲಿನ ಜಾಗಕ್ಕೆ ಪಾಚಿ ಬರುತ್ತದೆ. ಇದಕ್ಕೆ ಹೊಸ ಹುಲ್ಲಿನ ಚಾಪೆ ತಂದು ಹಾಸುವುದು ದುಡ್ಡು ದಂಡ; ಕೆಳಗಿನ ಮಣ್ಣು ಅದೇ ತಾನೆ. ಕವಲು ಗುದ್ದಲಿಯಿಂದ 10ರಿಂದ 15 ಸೆಂಟಿಮೀಟರ್ ಅಂತರಕ್ಕೊಂದರಂತೆ, ಬೆರಳುದ್ದ ಆಳದ ತೂತು ಮಾಡಿ, ಅದರೊಳಗೆ ಮರಳು ಗುಡಿಸಿ ತುಂಬಿ, ಹಗ್ಗ ಕಟ್ಟಿ ನಾಲ್ಕರಿಂದ ಆರು ವಾರ ಯಾರೂ ಕಾಲಿಡದಂತೆ ಬಿಡಬೇಕು. ಜಾಗವನ್ನು ಮೂರು ಪಾಲು ಮಾಡಿ ಸರದಿಯಲ್ಲಿ ಮುಚ್ಚಿದರೆ ಯಾವ ಪ್ರವಾಸಿಗೂ ಬೇಜಾರಾಗುವುದಿಲ್ಲ. ಜನ ಇಲ್ಲದ ಮಳೆಗಾಲದಲ್ಲಿ ಮಾಡಿಬಿಡೋಣ ಎಂದರೆ ಆಗುವುದಿಲ್ಲ, ಒದ್ದೆ ಮಣ್ಣನ್ನು ಕೆದಕಿದರೆ ಇನ್ನಷ್ಟು ಅಂಟಾಗಿ ಬಿಗಿಯುತ್ತದೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಕಳೆದು ಮಳೆ ಬಿಡುವು ಕೊಟ್ಟ ವಾರಗಳೇ ಸರಿಯಾದ ಹೊತ್ತು.

ತೋಟದ ಮಟ್ಟಿಗೆ ಹೇಳುವುದಾದರೆ ಕುಸಿತಕ್ಕಿಂತ ಏರಿಳಿತ ಹೆಚ್ಚು. ಅಬ್ಬಿ ಜಲಪಾತದ್ದೂ ಇದೇ ಪಾಡು. ಜುಲೈಯ ಫೋಟೋ ನೋಡಿ ಮಾರ್ಚಿನಲ್ಲಿ ಬಂದವರು ಬಂಡೆ ನೋಡಿಕೊಂಡು ಹೋಗುತ್ತಾರೆ, ಹೋಗಿ "ಅಬ್ಬಿ ಬತ್ತಿ ಹೋಗಿದೆ" ಎಂದು ಬರೆಯುತ್ತಾರೆ.

ನಿಜಕ್ಕೂ ಕೆಟ್ಟಿರುವುದು

ಯಂತ್ರಗಳ ವಿಷಯದಲ್ಲಿ ಮಾತ್ರ ದೂರುವವರ ಪರವಾಗಿ ನಿಲ್ಲಲೇಬೇಕು. ವರ್ಷಗಟ್ಟಲೆ ಹಳಿಯ ಮೇಲೆ ನಿಂತೇ ಇದ್ದ ಪುಟಾಣಿ ರೈಲು ಯಾರ ಭ್ರಮೆಯೂ ಅಲ್ಲ.

ಕಾರಂಜಿ ಎಂದರೆ ನೀರಿನೊಳಗಿನ ಪಂಪು, ನಾಝಲ್, ನೀರು ಬಿಟ್ಟು ತಡೆಯುವ ವಾಲ್ವ್, ಎಲ್‌ಇಡಿ ದೀಪ ಮತ್ತು ಇವನ್ನೆಲ್ಲ ಹಾಡಿನ ತಾಳಕ್ಕೆ ಕುಣಿಸುವ ಒಂದು ಕಂಟ್ರೋಲ್ ಪೆಟ್ಟಿಗೆ. ಬೇರೆ ಊರಿನಲ್ಲಿ ಹತ್ತು ವರ್ಷ ಬಾಳುವುದು ಮಡಿಕೇರಿಯಲ್ಲಿ ಬೇಗ ಸೋಲುವುದಕ್ಕೆ ಕಾರಣಗಳಿವೆ. ಮರದ ಎಲೆ, ಹೂವಿನ ಪುಡಿ, ಪಾಚಿ ಸೇರಿ ಪಂಪಿನ ಜಾಲರಿ ಕಟ್ಟುತ್ತದೆ. ನೀರು ಸಾಲದ ಪಂಪು ಬಿಸಿಯಾಗಿ ಸುಟ್ಟುಹೋಗುತ್ತದೆ. ವಾರಕ್ಕೊಮ್ಮೆ ಜಾಲರಿ ತೆಗೆದು ಬ್ರಷ್ಷಿನಿಂದ ಉಜ್ಜಿದರೆ ತಪ್ಪಿಸಬಹುದಾದ ಖರ್ಚು ಅದು. ಮಂಜಿನ ತೇವ ಕಂಟ್ರೋಲ್ ಪೆಟ್ಟಿಗೆಯೊಳಗೆ ನುಗ್ಗಿ ಸರ್ಕ್ಯೂಟ್ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿಸುತ್ತದೆ. ಮಳೆಗಾಲದಲ್ಲಿ ಪ್ರದರ್ಶನ ಇಲ್ಲವೆಂದು ಮೈನ್ ಸ್ವಿಚ್ ಆರಿಸಿ ಹೋಗುವುದೇ ಇದರಲ್ಲಿ ದೊಡ್ಡ ತಪ್ಪು. ಪೆಟ್ಟಿಗೆಯೊಳಗೆ ಒಂದು ಸಣ್ಣ ಹೀಟರ್ ಉರಿಯುತ್ತಿದ್ದರೆ, ದಿನಕ್ಕೆ ಹತ್ತು ನಿಮಿಷ ಪಂಪು ಓಡಿಸಿದರೆ ಮಳೆಗಾಲ ದಾಟುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸರ್ಜ್ ತಡೆ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಇಲ್ಲದ ಬೋರ್ಡು ಒಂದೇ ಮಿಂಚಿಗೆ ಹೋಗುತ್ತದೆ. ಕಾರಂಜಿ ಸೋಲುತ್ತಿದೆ ಎಂದು ನೋಡುವವರಿಗೂ ಗೊತ್ತಾಗುತ್ತದೆ: ಒಂದೇ ಸಾಲಿನ ಚಿಲುಮೆಗಳು ಒಂದೊಂದು ಎತ್ತರಕ್ಕೆ ಹಾರುತ್ತಿದ್ದರೆ ನಾಝಲ್ ಕಟ್ಟಿದೆ, ಇಡೀ ಸಾಲು ತಗ್ಗಿದ್ದರೆ ಪಂಪು ಅಥವಾ ವೋಲ್ಟೇಜ್, ನೀರು ತಾಳಕ್ಕಿಂತ ತಡವಾಗಿ ಏಳುತ್ತಿದ್ದರೆ ವಾಲ್ವ್.

ರೈಲಿನದು ಇನ್ನೂ ಕಷ್ಟ. ಹಳಿ ಎಷ್ಟೇ ಪುಟ್ಟದಾದರೂ ಅದರ ಕಾನೂನು ದೊಡ್ಡ ರೈಲಿನದೇ. ಹಳಿಯ ಕೆಳಗಿನ ಜಲ್ಲಿಗೆ ಮಣ್ಣು ಸೇರಿದರೆ ನೀರು ಬಸಿಯುವುದಿಲ್ಲ. ನೀರು ನಿಂತರೆ ಹಳಿಯಡಿ ಅಡ್ಡಲಾಗಿ ಹಾಸಿದ ಮರದ ಸ್ಲೀಪರ್ ಕೊಳೆಯುತ್ತದೆ. ಸ್ಲೀಪರ್ ಕೊಳೆತರೆ ಮೊಳೆ ಸಡಿಲ, ಮೊಳೆ ಸಡಿಲವಾದರೆ ಎರಡು ಹಳಿಗಳ ಅಂತರ ಅಗಲ, ತಿರುವಿನಲ್ಲಿ ಚಕ್ರದ ಅಂಚು ಹಳಿ ಹತ್ತಿ ಇಳಿಯುತ್ತದೆ. ಎಂಜಿನ್ನಿಗೆ ಬಣ್ಣ ಬಳಿದು ಉದ್ಘಾಟನೆ ಮಾಡಿದ ಮಾತ್ರಕ್ಕೆ ಇದು ಸರಿಹೋಗದು. ಅಳತೆಗೋಲು ಹಿಡಿದು ಎರಡು ಮೀಟರಿಗೊಮ್ಮೆ ಅಂತರ ನೋಡಿ ಬರೆದಿಡುವ ಒಬ್ಬರು ಬೇಕು, ಜೋಡಣೆಯ ಬೋಲ್ಟ್‌ಗಳನ್ನು ವಾರವಾರ ಬಿಗಿಯುವವರು ಬೇಕು. ಆ ಪುಸ್ತಕ ಇಲ್ಲದ ರೈಲಿಗೆ ಮಕ್ಕಳನ್ನು ಹತ್ತಿಸುವುದಕ್ಕಿಂತ ಅದು ನಿಂತಿರುವುದೇ ವಾಸಿ.

ಹಾಗಿದ್ದರೆ ಹಳೆಯದು ರಿಪೇರಿಯಾಗದೆ ಹೊಸದು ಬರುವುದೇಕೆ? ಸರ್ಕಾರಿ ಲೆಕ್ಕದಲ್ಲಿ ಕಟ್ಟುವುದಕ್ಕೆ ಬರುವ ಹಣ ಒಂದು ಶೀರ್ಷಿಕೆ, ನಡೆಸುವುದಕ್ಕೆ ಬರುವ ಹಣ ಇನ್ನೊಂದು. ಹೊಸ ಯೋಜನೆಗೆ ಒಂದೇ ಸಲ ಮಂಜೂರಾಗುತ್ತದೆ, ಫಲಕ ಬೀಳುತ್ತದೆ. ಜಾಲರಿ ಉಜ್ಜುವ ಆಳಿನ ಸಂಬಳ, ಸ್ಪೇರ್ ಪಂಪು, ವಾರ್ಷಿಕ ನಿರ್ವಹಣಾ ಗುತ್ತಿಗೆ ಇವು ವರ್ಷವರ್ಷ ಬೇಡಿಕೊಳ್ಳಬೇಕಾದ ಹಣ. ಗುತ್ತಿಗೆ ಮುಗಿದ ಮರುದಿನ ಪಂಪು ಕೆಟ್ಟರೆ ಟೆಂಡರ್ ಕರೆಯುವವರೆಗೆ ಕಾರಂಜಿ ಮೌನ. ಹೊಸ ಯೋಜನೆಯ ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆಯನ್ನೂ, ಇಂತಿಷ್ಟು ದಿನ ಕೆಟ್ಟು ನಿಂತರೆ ಇಂತಿಷ್ಟು ಕಡಿತ ಎನ್ನುವುದನ್ನೂ ಸೇರಿಸಿದರೆ ಅರ್ಧ ತಲೆನೋವು ಹೋಗುತ್ತದೆ. ಮೂರನೆಯ ಸಾಲಿನಲ್ಲಿ ನಿಂತವನಿಗೆ ಇನ್ನೊಂದು ಕಮಾನು, ಇನ್ನೊಂದು ಸೆಲ್ಫಿ ಫಲಕದಿಂದ ಸೂರ್ಯ ಕಾಣಿಸುವುದಿಲ್ಲ. ಕಾರಂಜಿಯನ್ನು ಸೂರ್ಯಾಸ್ತದಿಂದ ಒಂದು ಗಂಟೆ ದೂರ ಸರಿಸುವುದು, ರಜೆ ದಿನ ಸಂಜೆಯ ಎರಡು ಗಂಟೆಗೆ ಮಾತ್ರ ಎಣಿಸಿದಷ್ಟು ಟಿಕೆಟ್ ಕೊಡುವುದು, ಊರಿನವರಿಗೆ ಬೆಳಗಿನ ನಡಿಗೆಗೆ ಪಾಸ್ ಕೊಡುವುದು. ಇವಕ್ಕೆ ಸಿಮೆಂಟೇ ಬೇಡ. ಟಿಕೆಟ್ ಮಿತಿಯನ್ನು ಹೋಟೆಲಿನವರು, ಟ್ಯಾಕ್ಸಿಯವರು ಮೊದಲ ತಿಂಗಳು ಬೈಯುತ್ತಾರೆ, ಅದೂ ಸಹಜ.

ಬರೆಯ ಮಾತು

ಇಳಿಜಾರಿಗೆ ಹೊಸ ಜಾಗ ಕಟ್ಟಿ ಕಂಬಿಯ ಉದ್ದ ಹೆಚ್ಚಿಸಿದರೆ ನೋಟದ ಕೊರತೆ ನೀಗುತ್ತದೆ ಎನ್ನುವುದು ಲೆಕ್ಕಕ್ಕೆ ಸರಿ. ಆದರೆ ಇದು 2018ರ ಆಗಸ್ಟಿನ ಗುಡ್ಡ ಕುಸಿತಗಳನ್ನು ಕಂಡ ಜಿಲ್ಲೆ. ಆ ವರ್ಷದ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅತಿಮಳೆಯ ಜೊತೆಗೆ ಮನುಷ್ಯರು ಇಳಿಜಾರನ್ನು ಕಡಿದು ಬದಲಾಯಿಸಿದ್ದನ್ನೂ ಕಾರಣವಾಗಿ ಹೇಳಿತ್ತು. ಗುಡ್ಡದ ಕಾಲು ಕಡಿದು ಬರೆಯನ್ನು, ಎಂದರೆ ಕಡಿದು ಉಳಿದ ಮಣ್ಣಿನ ಗೋಡೆಯನ್ನು, ನೆಟ್ಟಗೆ ನಿಲ್ಲಿಸಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಕಡಿದ ಮಣ್ಣನ್ನು ಕೆಳಗಿನ ಇಳಿಜಾರಿಗೇ ಸುರಿದರೆ ಅಲ್ಲಿಗೆ ಭಾರ ಕೂಡುತ್ತದೆ. ಗ್ರೇಟರ್ ರಾಜಾಸೀಟಿಗೆ ಜೆಸಿಬಿ ಇಳಿದಾಗ ಊರಿನಲ್ಲಿ ಎದ್ದ ಆಕ್ಷೇಪ ಬರೀ ಹಳೆಯದರ ಮೋಹದಿಂದ ಬಂದದ್ದಲ್ಲ.

ಕಟ್ಟಿದ್ದು ಗಟ್ಟಿಯಾಗಿದೆಯೇ ಎಂದು ನೋಡಲು ಎಂಜಿನಿಯರೇ ಆಗಬೇಕಿಲ್ಲ. ತಡೆಗೋಡೆಯ ಮೈಯಲ್ಲಿ ಸಾಲಾಗಿ ಪೈಪಿನ ಬಾಯಿಗಳಿರುತ್ತವೆ, ಸಾಮಾನ್ಯವಾಗಿ 75ರಿಂದ 100 ಮಿಲಿಮೀಟರ್ ಅಗಲ, ಒಂದರಿಂದ ಒಂದೂವರೆ ಮೀಟರ್ ಅಂತರಕ್ಕೊಂದು. ಗೋಡೆಯ ಹಿಂದೆ ಸೇರಿದ ನೀರು ಬಸಿದು ಹೋಗಲಿಕ್ಕೆಂದು ಬಿಟ್ಟವು. ಅವುಗಳ ಹಿಂದೆ ಜಲ್ಲಿ ತುಂಬಿಸದೆ ನೇರ ಮಣ್ಣು ಹಾಕಿದ್ದರೆ ಎರಡೇ ಮಳೆಗಾಲಕ್ಕೆ ಬಾಯಿ ಕಟ್ಟುತ್ತದೆ. ಅಂಚಿಗೆ ಸಮಾನಾಂತರವಾಗಿ ನಡೆದಾರಿಯಲ್ಲಿ ಬಿಟ್ಟ ಬಿರುಕು, ಹೊರಕ್ಕೆ ವಾಲಿದ ಕಂಬಿ, ನಡುವೆ ಹೊಟ್ಟೆ ಬಂದ ಗೋಡೆ ಇವು ಮುಂದಿನ ಹಂತದ ಗುರುತು. ಅಂಥ ಕಡೆ ನಿಂತು ಫೋಟೋ ತೆಗೆಯಬೇಡಿ.

ನೋಡಲು ಹೋಗಬೇಕಾದದ್ದು ಕಕ್ಕಡದ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳ, ಜಡಿಮಳೆಯಲ್ಲಿ, ಎರಡು ಮೂರು ದಿನ ಬಿಡದೆ ಹೊಯ್ದ ಮೇಲೆ. ಆಗ ಕಣಿವೆ ತುಂಬ ಮಂಜು, ಸೂರ್ಯ ಇಲ್ಲ, ಕಾರಂಜಿ ಇಲ್ಲ, ಜನವೂ ಇಲ್ಲ. ತಡೆಗೋಡೆಯ ಕೆಳಗೆ ದೂರದಲ್ಲಿ ನಿಂತು ಪೈಪಿನ ಬಾಯಿಗಳನ್ನು ಎಣಿಸಿ. ನೀರು ಒಸರುತ್ತಿದ್ದರೆ ಸರಿ. ಅಷ್ಟು ಮಳೆಯಲ್ಲೂ ಬಾಯಿ ಒಣಗಿಕೊಂಡಿದ್ದರೆ ನೀರು ಒಳಗೇ ಇದೆ.